ಕಾಸಿಗಿಂತ ಪಾಸು ದೊಡ್ಡದು

"ಈ ಸ್ಪೋರ್ಟ್ಸ್ ರಿಪೋರ್ಟರ್‌ಗಳೆಲ್ಲ ಕಾಸು ತಗೊಂಡೇ ಬರೆಯೋದಲ್ವಾ ಸಾರ್?" ಚಿನ್ನಸ್ವಾಮಿಯಲ್ಲಿ ಮ್ಯಾಚ್ ಇರುವ ದಿನ ಬೆಂಗಳೂರಿನ ಯಾವ ಟೀ ಅಂಗಡಿ ಮುಂದೆ ನಿಂತರೂ ಈ ಪ್ರಶ್ನೆ ಬರುತ್ತದೆ. ಕೇಳುವವರು ಉತ್ತರ ಮೊದಲೇ ಇಟ್ಟುಕೊಂಡಿರುತ್ತಾರೆ. ಆದರೂ ಹೇಳುತ್ತೇನೆ.

ಕಾಸು ತೆಗೆದುಕೊಳ್ಳುವವರು ಯಾವ ಕಸುಬಿನಲ್ಲಿ ಇಲ್ಲ? ಆದರೆ ಕ್ರೀಡಾ ಪುಟವನ್ನು ಬಗ್ಗಿಸುವುದಕ್ಕೆ ಕಾಸು ಬೇಕಾಗಿಯೇ ಇಲ್ಲ, ಪಾಸು ಸಾಕು. ಇಲ್ಲಿ ಹೇಳುತ್ತಿರುವುದು ಪುಕ್ಕಟೆ ಟಿಕೆಟ್ಟಿನ ಮಾತಲ್ಲ, ಮಾನ್ಯತಾ ಕಾರ್ಡಿನದು. ಕುತ್ತಿಗೆಗೆ ಆ ಕಾರ್ಡು ಬಿದ್ದರೆ ಪ್ರೆಸ್ ಬಾಕ್ಸು, ಪಂದ್ಯದ ನಂತರದ ಸುದ್ದಿಗೋಷ್ಠಿ, ನೆಟ್ಸ್ ಎಲ್ಲಕ್ಕೂ ಬಾಗಿಲು ತೆರೆಯುತ್ತದೆ. ಅದನ್ನು ಕೊಡುವುದು ಆಟ ನಡೆಸುವ ಸಂಸ್ಥೆಯೇ. ಅಂದರೆ ಯಾರ ತಪ್ಪು ಬರೆಯಬೇಕೋ ಅವರ ಬಳಿಯೇ ಮುಂದಿನ ಸರಣಿಗೆ ಕಾರ್ಡು ಕೇಳಬೇಕು. ಬೇಡವೆನ್ನುವುದಕ್ಕೆ ಅವರು ಕಾರಣವನ್ನೂ ಕೊಡಬೇಕಾಗಿಲ್ಲ.

2012ರಲ್ಲಿ ಇಂಗ್ಲೆಂಡ್ ತಂಡ ಬಂದಿದ್ದಾಗ ಭಾರತದ ಕ್ರಿಕೆಟ್ ಮಂಡಳಿ ಬಿಸಿಸಿಐ ಗೆಟ್ಟಿಯಂಥ ಫೋಟೊ ಏಜೆನ್ಸಿಗಳನ್ನು ಹೊರಗಿಟ್ಟಿತು. ಅದನ್ನು ವಿರೋಧಿಸಿ ಸುದ್ದಿ ಏಜೆನ್ಸಿಗಳಾದ ರಾಯಿಟರ್ಸ್, ಎಪಿ, ಎಎಫ್‌ಪಿ ಆ ಸರಣಿಯ ವರದಿಗಾರಿಕೆಯನ್ನೇ ನಿಲ್ಲಿಸಿದವು. ದೊಡ್ಡ ಏಜೆನ್ಸಿಗಳು ಹಾಗೆ ಮಾಡಬಹುದು. ಒಂದೇ ಒಂದು ಕ್ರೀಡಾ ಪುಟ, ಇಬ್ಬರೋ ಮೂವರೋ ವರದಿಗಾರರು ಇರುವ ಕನ್ನಡ ಪತ್ರಿಕೆ ಮುನಿಸಿಕೊಂಡು ಹೊರಗೆ ಕೂತರೆ ನಷ್ಟ ಪತ್ರಿಕೆಗೇ.

ಇನ್ನೊಂದು ಪ್ರಕರಣ 2022ರದ್ದು. ಸಂದರ್ಶನ ಕೊಡಲಿಲ್ಲವೆಂದು ಪತ್ರಕರ್ತರೊಬ್ಬರು ಬೆದರಿಸುವ ಧಾಟಿಯಲ್ಲಿ ಕಳಿಸಿದ ವಾಟ್ಸ್ಯಾಪ್ ಸಂದೇಶಗಳನ್ನು ವಿಕೆಟ್ ಕೀಪರ್ ವೃದ್ಧಿಮಾನ್ ಸಹಾ ಬಹಿರಂಗ ಮಾಡಿದರು. ಬಿಸಿಸಿಐ ಸಮಿತಿ ಮಾಡಿ, ವಿಚಾರಿಸಿ, ಆ ಪತ್ರಕರ್ತರನ್ನು ಎರಡು ವರ್ಷ ದೂರವಿಟ್ಟಿತು. ಅಭಿಮಾನಿಗಳು ಸರಿಯಾಯಿತು ಅಂದರು. ಶಿಕ್ಷೆ ತಪ್ಪೆಂದು ನಾನೂ ಹೇಳುವುದಿಲ್ಲ. ಆದರೆ ಕೊಟ್ಟವರು ಯಾರು ನೋಡಿ. ವರದಿಗೆ ಒಳಪಡಬೇಕಾದ ಸಂಸ್ಥೆಯೇ ವರದಿಗಾರನ ನ್ಯಾಯಾಧೀಶ. ಇವತ್ತು ಬೆದರಿಸಿದವನಿಗೆ ಬಿದ್ದ ಕೋಲು ನಾಳೆ ಲೆಕ್ಕಪತ್ರ ಕೇಳಿದವನಿಗೂ ಬೀಳಬಹುದು.

ಟಿವಿ ಕಾಮೆಂಟರಿಯನ್ನಂತೂ ಈ ಲೆಕ್ಕಕ್ಕೆ ತರಲೇಬೇಡಿ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಅಷ್ಟು ಸುರಿದವರು ತಮ್ಮ ಸರಕಿನ ಬಗ್ಗೆ ತಾವೇ ಹುಳುಕು ಹೇಳುವುದಿಲ್ಲ. ಮೈಕ್ ಹಿಡಿದವರು ಪ್ರಸಾರದ ಭಾಗ, ಪತ್ರಕರ್ತರಲ್ಲ. "ಅವರು ಯಾಕೆ ಬೋರ್ಡನ್ನು ಬೈಯಲ್ಲ" ಅಂತ ಸಿಟ್ಟು ಮಾಡಿಕೊಂಡರೆ ಮದುವೆ ಮನೆಯ ಅಡುಗೆ ಭಟ್ಟರು ತಮ್ಮ ಅಡುಗೆಯ ವಿಮರ್ಶೆ ಬರೆಯಲಿಲ್ಲ ಎಂದಂತೆ.

ಇಷ್ಟಾದರೂ ನಿತ್ಯ ನಿಮ್ಮ ಮೊಬೈಲಿಗೆ ಬರುವ ಸುಳ್ಳಿಗೆ ಪಾಸೂ ಕಾರಣವಲ್ಲ, ಅವಸರ ಕಾರಣ. ಹೀಗೊಂದು ಸುದ್ದಿಗೋಷ್ಠಿ ನಡೆಯಿತು ಎಂದಿಟ್ಟುಕೊಳ್ಳಿ. ಪ್ರಶ್ನೆ: "ನಿವೃತ್ತಿಯ ಯೋಚನೆ ಬಂದಿದೆಯಾ?" ಉತ್ತರ: "ಈ ವಯಸ್ಸಿನಲ್ಲಿ ಎಲ್ಲರೂ ಯೋಚಿಸುತ್ತಾರೆ. ಸದ್ಯಕ್ಕೆ ನನ್ನ ಗಮನ ಮುಂದಿನ ಸರಣಿ." ಸುದ್ದಿ ಏಜೆನ್ಸಿ ಎಲ್ಲ ಪತ್ರಿಕೆಗಳಿಗೆ ಕಳಿಸುವ ಕಾಪಿಯಲ್ಲಿ ಎರಡು ವಾಕ್ಯವೂ ಬರುತ್ತವೆ, ಪ್ರಶ್ನೆ ಬಿದ್ದುಹೋಗುತ್ತದೆ. ವೆಬ್‌ಸೈಟಿನ ಡೆಸ್ಕಿನಲ್ಲಿ ಅನುವಾದ ಮಾಡುವವರು ಮೊದಲ ವಾಕ್ಯವನ್ನು ತಲೆಬರಹಕ್ಕೆ ಎತ್ತುತ್ತಾರೆ: "ನಿವೃತ್ತಿ ಬಗ್ಗೆ ಯೋಚಿಸಿದ್ದೇನೆ!" ಯೂಟ್ಯೂಬಿನ ಥಂಬ್‌ನೇಲ್‌ಗೆ ಬರುವಷ್ಟರಲ್ಲಿ ಅದು "ಕಣ್ಣೀರಿಟ್ಟ ಸ್ಟಾರ್, ಕ್ರಿಕೆಟ್‌ಗೆ ಗುಡ್‌ಬೈ?" ಎಂದಾಗಿರುತ್ತದೆ. ಮೂರು ಕಡೆಯೂ ಯಾರೂ ಕಾಸು ಮುಟ್ಟಿಲ್ಲ. ತಲೆಬರಹದ ಕೊನೆಯ ಪ್ರಶ್ನಾರ್ಥಕ ಚಿಹ್ನೆ ಇದೆಯಲ್ಲ, ಅದು ಬರೆದವರ ನಿರೀಕ್ಷಣಾ ಜಾಮೀನು.

2023ರ ಆಗಸ್ಟ್‌ನಲ್ಲಿ ಜಿಂಬಾಬ್ವೆ ಕ್ರಿಕೆಟ್ ತಂಡದ ಮಾಜಿ ನಾಯಕ ಹೀತ್ ಸ್ಟ್ರೀಕ್ ತೀರಿಕೊಂಡರೆಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ನಂಬಲು ಕಾರಣವಿತ್ತು, ಅವರ ಹಳೆಯ ಸಹ ಆಟಗಾರ ಹೆನ್ರಿ ಒಲೊಂಗಾ ಅವರೇ ಹಾಗೆ ಬರೆದಿದ್ದರು. ಕೆಲವೇ ಗಂಟೆಗಳಲ್ಲಿ ಒಲೊಂಗಾ ತಿದ್ದಿಕೊಂಡರು, ಬದುಕಿದ್ದೇನೆ ಎಂದು ಸ್ಟ್ರೀಕ್ ಸ್ವತಃ ಹೇಳಬೇಕಾಯಿತು. ಅವರು ನಿಜಕ್ಕೂ ತೀರಿಕೊಂಡದ್ದು ಸೆಪ್ಟೆಂಬರ್ 3ರಂದು. ಮೂಲ ಒಳ್ಳೆಯದೇ ಇತ್ತು, ಆದರೆ ಒಂದೇ ಇತ್ತು. ಇಪ್ಪತ್ತು ಜಾಲತಾಣಗಳು ಒಂದೇ ಪೋಸ್ಟನ್ನು ನೋಡಿ ಬರೆದರೆ ಅದು ಇಪ್ಪತ್ತು ಸುದ್ದಿಯಲ್ಲ.

ಹಾಗಾಗಿ ಓದುವಾಗ ಮೊದಲು ಡೇಟ್‌ಲೈನ್, ಅಂದರೆ ವರದಿಯ ಶುರುವಿನಲ್ಲಿರುವ ಊರಿನ ಹೆಸರು ನೋಡಿ. ಪಂದ್ಯ ಅಹಮದಾಬಾದಿನಲ್ಲಿ ನಡೆದು ವರದಿ "ಬೆಂಗಳೂರು" ಎಂದು ಶುರುವಾದರೆ ಬರೆದವರು ಬಹುಶಃ ಅಲ್ಲಿರಲಿಲ್ಲ. ಬೈಲೈನ್, ಅಂದರೆ ಬರೆದವರ ಹೆಸರು ಇಲ್ಲದಿದ್ದರೆ ಏಜೆನ್ಸಿಯದೋ ಡೆಸ್ಕಿನದೋ ಕಾಪಿ. "ಮೂಲಗಳ ಪ್ರಕಾರ" ಎಂದಿದ್ದಲ್ಲಿ ಯಾವ ಮೂಲ ಎಂಬ ಸುಳಿವಾದರೂ ಇರಬೇಕು: ಆಯ್ಕೆ ಸಮಿತಿಯದೋ, ಫ್ರಾಂಚೈಸಿಯದೋ, ಆಟಗಾರನ ಏಜೆಂಟಿನದೋ. ಏಜೆಂಟ್ ಆಗಿದ್ದರೆ ಅದು ಸುದ್ದಿಗಿಂತ ಹೆಚ್ಚಾಗಿ ಹರಾಜಿನ ಮೊದಲ ಕೂಗು. ಸಮಯವನ್ನೂ ನೋಡಿ. 2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವದ ಮೆರವಣಿಗೆ ಇದೆಯೋ ಇಲ್ಲವೋ ಎಂಬ ಬಗ್ಗೆ ದಿನವಿಡೀ ಒಂದಕ್ಕೊಂದು ತಾಳೆಯಾಗದ ಮಾಹಿತಿ ಓಡಾಡಿತು. ಚಿನ್ನಸ್ವಾಮಿ ಹೊರಗೆ 11 ಮಂದಿ ಜೀವ ಕಳೆದುಕೊಂಡ ದಿನ ಅದು. ಜನ ಸೇರುವ ಸಂಗತಿಯಾದರೆ ಪೊಲೀಸರ ಅಧಿಕೃತ ಖಾತೆಯಲ್ಲಿ ಕೊನೆಯದಾಗಿ ಎಷ್ಟು ಗಂಟೆಗೆ ಏನು ಹಾಕಿದ್ದಾರೆ ಎಂದು ನೋಡದೆ ಮನೆ ಬಿಡಬೇಡಿ.

"ದೂರು ಕೊಟ್ಟರೆ ಏನಾಗುತ್ತೆ?" ಎಂಬುದು ಮುಂದಿನ ಪ್ರಶ್ನೆ. ಸರಿಯಾಗಿ ಕೊಟ್ಟರೆ ಸ್ವಲ್ಪ ಆಗುತ್ತದೆ. ಮೊದಲು ಸಾಕ್ಷಿ: ಪುಟದ ಮೇಲಿನ ಲಿಂಕ್ ಮತ್ತು ಗಂಟೆ ಕಾಣುವಂತೆ ಸ್ಕ್ರೀನ್‌ಶಾಟ್, ಜೊತೆಗೆ ಜಾಲತಾಣಗಳ ಹಳೆಯ ರೂಪವನ್ನು ಉಳಿಸಿಡುವ ವೇಬ್ಯಾಕ್ ಮಷೀನ್‌ನಲ್ಲಿ ಆ ಪುಟದ ಪ್ರತಿ. ಜಾಲತಾಣಗಳು ಸದ್ದಿಲ್ಲದೆ ತಲೆಬರಹ ಬದಲಿಸುತ್ತವೆ. ಎಷ್ಟೋ ಸಲ ಲಿಂಕಿನೊಳಗೆ ಹಳೆಯ ತಲೆಬರಹದ ಇಂಗ್ಲಿಷ್ ಪದಗಳು ಉಳಿದುಬಿಡುತ್ತವೆ, ಅಲ್ಲಿ ಹುಡುಕಿ.

ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ಬರೆಯಿರಿ. "ನೀವೆಲ್ಲ ಮಾರಿಕೊಂಡವರು" ಎಂದು ಬರೆದರೆ ಕಸದ ಬುಟ್ಟಿಗೆ. ಹೀಗಿರಲಿ: "ಇಂಥ ದಿನಾಂಕ, ಬೆಂಗಳೂರು ಆವೃತ್ತಿ, ಪುಟ 11. ತಲೆಬರಹದಲ್ಲಿ ನಿವೃತ್ತಿ ಎಂದಿದೆ. ಸುದ್ದಿಗೋಷ್ಠಿಯ ವಿಡಿಯೊದ 6ನೇ ನಿಮಿಷದಲ್ಲಿ ಆಟಗಾರ ಅಲ್ಲಗಳೆದಿದ್ದಾರೆ. ತಿದ್ದುಪಡಿಯನ್ನು ಅದೇ ಪುಟದಲ್ಲಿ ಪ್ರಕಟಿಸಿ." ಫಲ ಸಿಗದಿದ್ದರೆ ಪತ್ರಿಕೆಗಳ ಮೇಲಿನ ದೂರು ವಿಚಾರಿಸುವ ದೆಹಲಿಯ ಪ್ರೆಸ್ ಕೌನ್ಸಿಲ್. ದಿನಪತ್ರಿಕೆ, ವಾರಪತ್ರಿಕೆಗಳಿಗೆ ಪ್ರಕಟವಾದ ಎರಡು ತಿಂಗಳೊಳಗೆ, ಉಳಿದವಕ್ಕೆ ನಾಲ್ಕು ತಿಂಗಳೊಳಗೆ ದೂರು ಹೋಗಬೇಕು. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ 14ನೇ ಕಲಂ ಪ್ರಕಾರ ಕೌನ್ಸಿಲ್ ಎಚ್ಚರಿಸಬಹುದು, ಛೀಮಾರಿ ಹಾಕಬಹುದು, ದಂಡ ಹಾಕುವಂತಿಲ್ಲ. ಹಲ್ಲಿಲ್ಲದ ಹಾವು ನಿಜ, ಆದರೂ ತಮ್ಮ ಹೆಸರಿನಲ್ಲಿ ಛೀಮಾರಿ ದಾಖಲಾಗುವುದು ಯಾವ ಸಂಪಾದಕರಿಗೂ ಇಷ್ಟವಿಲ್ಲ.

ಟಿವಿಯಾದರೆ ಮೊದಲು ಚಾನೆಲ್ಲಿಗೇ. 2021ರ ಕೇಬಲ್ ಟಿವಿ ನಿಯಮದಂತೆ 24 ಗಂಟೆಯೊಳಗೆ ದೂರು ತಲುಪಿದೆ ಎನ್ನಬೇಕು, 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಒಪ್ಪಿಗೆಯಾಗದಿದ್ದರೆ ಚಾನೆಲ್ ಸದಸ್ಯತ್ವ ಪಡೆದಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಮತ್ತೆ 15 ದಿನದೊಳಗೆ ಹೋಗಬೇಕು. ದಿನಾಂಕ ಮತ್ತು ಪ್ರಸಾರದ ಗಂಟೆ ಬರೆದಿಟ್ಟುಕೊಳ್ಳದವರು ಇಲ್ಲಿಯೇ ಸೋಲುತ್ತಾರೆ.

ಒಂದು ಮಾತು ಅಭಿಮಾನಿಗಳಿಗೂ ಇದೆ. ಎದುರಾಳಿ ತಂಡದ ನಾಯಕನ ಬಗ್ಗೆ ಹುಟ್ಟಿದ ಸುಳ್ಳನ್ನು ನಗುತ್ತಾ ಹತ್ತು ಗುಂಪಿಗೆ ಫಾರ್ವರ್ಡ್ ಮಾಡುವ ಬೆರಳೇ ಮರುದಿನ "ಮೀಡಿಯಾ ಸರಿಯಿಲ್ಲ" ಎಂದೂ ಟೈಪ್ ಮಾಡುತ್ತದೆ. ಡೆಸ್ಕಿನವರು ನೋಡುವುದು ಕ್ಲಿಕ್ಕಿನ ಲೆಕ್ಕವನ್ನು; ಬೈದುಕೊಂಡು ತೆರೆದ ಕ್ಲಿಕ್ಕೂ ಅಲ್ಲಿ ಒಂದೇ.

ಕನ್ನಡದ ಸುದ್ದಿಯ ಮೇಲೆ ಪ್ರೆಸ್ ಕೌನ್ಸಿಲ್‌ಗೆ ಹೋಗುವವರು ಕತ್ತರಿಸಿದ ಸುದ್ದಿಯ ಜೊತೆ ಅದರ ಇಂಗ್ಲಿಷ್ ಅನುವಾದ, ಸಂಪಾದಕರಿಗೆ ಬರೆದ ಪತ್ರದ ಪ್ರತಿ, ಮತ್ತು ಇದೇ ವಿಷಯ ಯಾವ ಕೋರ್ಟಿನಲ್ಲೂ ಇಲ್ಲ ಎಂಬ ಘೋಷಣೆ ಲಗತ್ತಿಸುವುದನ್ನು ಮರೆಯಬೇಡಿ.