ಬೀಥೋವನ್ ಸಿಂಫನಿ: ಯಾರದ್ದು ಕೇಳಲಿ?

ನಾನು ಪಾಶ್ಚಾತ್ಯ ಸಂಗೀತ ಕೇಳುತ್ತೇನೆ ಎಂದು ಗೊತ್ತಾದ ಕೂಡಲೇ ಸ್ನೇಹಿತರು ಕೇಳುವುದು ಇದನ್ನೇ: "ಬೀಥೋವನ್ ಸಿಂಫನಿಗಳಲ್ಲಿ ಯಾರ ರೆಕಾರ್ಡಿಂಗ್ ಒಳ್ಳೆಯದು? ಒಂದೇ ಒಂದು ಹೇಳು." ಅದರ ಬೆನ್ನಿಗೇ ಇನ್ನೊಂದು: "ಅಲ್ಲ, ಎಲ್ಲವನ್ನೂ ಬರೆದೇ ಇಟ್ಟಿರುತ್ತಾರಲ್ಲ, ಯಾರು ನುಡಿಸಿದರೇನು?"

ಎರಡನೆಯದನ್ನು ಮೊದಲು ಮುಗಿಸುತ್ತೇನೆ. ಸಿಂಫನಿ ಎಂದರೆ ಇಡೀ ವಾದ್ಯವೃಂದಕ್ಕೆ ಬರೆದ, ಹಲವು ಭಾಗಗಳ ದೊಡ್ಡ ಕೃತಿ; ಬೀಥೋವನ್ ಬರೆದದ್ದು ಒಂಬತ್ತು. ಐದನೆಯ ಸಿಂಫನಿಯ ಆರಂಭ ಯಾರ ಕಿವಿಗೂ ಹೊಸದಲ್ಲ. ಮೂರು ಗಿಡ್ಡ ಸ್ವರ, ಒಂದು ಉದ್ದ ಸ್ವರ. ಆದರೆ ಬೀಥೋವನ್ ಮೊದಲು ಬರೆದದ್ದು ಸ್ವರವನ್ನಲ್ಲ, ಚಿಟಿಕೆಯಷ್ಟು ಮೌನವನ್ನು. ಕರ್ನಾಟಕ ಸಂಗೀತ ಬಲ್ಲವರಿಗೆ ಅನಾಗತ ಎಡುಪು ಎಂದರೆ ಸಾಕು: ಪೆಟ್ಟು ಬಿದ್ದಾಗ ಸದ್ದಿಲ್ಲ, ಆಮೇಲೆ ಎತ್ತಿಕೊಳ್ಳುವುದು. ಇಡೀ ವೃಂದ ಆ ಖಾಲಿ ಪೆಟ್ಟನ್ನು ಒಟ್ಟಿಗೆ ನುಂಗಿಕೊಂಡು ನುಗ್ಗಬೇಕು. ಮುಂದಿನ ಉದ್ದ ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕೆಂಬುದು ವೃಂದವನ್ನು ನಡೆಸುವ ಕಂಡಕ್ಟರ್‌ಗೆ ಬಿಟ್ಟದ್ದು. ಬರಹದಲ್ಲಿ ಇದ್ದೂ ಇಲ್ಲದ ಇಂಥ ಜಾಗಗಳಲ್ಲೇ ಒಬ್ಬರಿಗೂ ಇನ್ನೊಬ್ಬರಿಗೂ ಅಜಗಜಾಂತರ.

ಇಲ್ಲಿ ನನ್ನ ಮತ ಕಂಡಕ್ಟರ್ ಕಾರ್ಲೋಸ್ ಕ್ಲೈಬರ್‌ಗೆ. ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ 1974ರಲ್ಲಿ ಮಾಡಿದ ಈ ಐದನೆಯದನ್ನು ಎಲ್ಲರೂ ಹೊಗಳುತ್ತಾರೆ. ಎಲ್ಲರೂ ಹೊಗಳುವುದನ್ನು ಹೊಗಳಲು ನನಗೆ ಸಂಕೋಚ, ಆದರೆ ಏನು ಮಾಡಲಿ, ನಿಜ. ಏಳನೆಯದೂ ಅವರದೇ ಇರಲಿ. ಅದರ ಎರಡನೆಯ ಭಾಗದ ಕೊನೆಯ ಕ್ಷಣಗಳಲ್ಲಿ, ಬೆರಳಿನಿಂದ ತಂತಿ ಮೀಟುತ್ತಿದ್ದ ಪಿಟೀಲುಗಳು ಮತ್ತೆ ಕಮಾನು ಹಿಡಿಯುವುದು ರೂಢಿ. ಕ್ಲೈಬರ್ ಕೊನೆಯವರೆಗೂ ತಂತಿ ಮೀಟಿಸಿಯೇ ಮುಗಿಸುತ್ತಾರೆ. ಕೇಳಿ ಅಭ್ಯಾಸವಾದವರಿಗೆ ಮೆಟ್ಟಿಲು ತಪ್ಪಿದ ಹಾಗೆ ಆಗುತ್ತದೆ.

ಹಳೆಯ ಮಾದರಿಯ ವಾದ್ಯಗಳಲ್ಲಿ ಕೇಳುವ ಕುತೂಹಲವಿದ್ದರೆ ಕಂಡಕ್ಟರ್ ಜಾನ್ ಎಲಿಯಟ್ ಗಾರ್ಡಿನರ್ ಅವರದು. ಐದನೆಯದರ ಮೊದಲ ಭಾಗದಲ್ಲಿ ಹಿತ್ತಾಳೆಯ ಕೊಂಬುಗಳಾದ ಹಾರ್ನ್‌ಗಳು ಮೊಳಗಿಸಿದ ಕೂಗು ಮುಂದೆ ಬೇರೆ ಶ್ರುತಿಯಲ್ಲಿ ಮರಳುತ್ತದೆ. ಆ ಕಾಲದ ಹಾರ್ನ್‌ಗೆ ಸ್ವರ ಬದಲಿಸುವ ಗುಂಡಿ, ಅಂದರೆ ವಾಲ್ವ್, ಇರಲಿಲ್ಲ, ಆ ಸ್ವರಗಳು ಅದಕ್ಕೆ ಸಲೀಸಾಗಿ ದಕ್ಕುತ್ತಿರಲಿಲ್ಲ. ಬೀಥೋವನ್ ಅದನ್ನು ಮರದ ಊದುವಾದ್ಯಗಳಾದ ಬಸ್ಸೂನ್‌ಗಳಿಗೆ ಕೊಟ್ಟ. ಮುಂದಿನವರು ಅನೇಕರು ಮತ್ತೆ ಹಾರ್ನ್‌ಗೇ ಒಪ್ಪಿಸಿ 'ಸರಿಪಡಿಸಿ'ದರು. ಗಾರ್ಡಿನರ್ ಬಸ್ಸೂನ್‌ಗೇ ಬಿಡುತ್ತಾರೆ. ಗಂಟಲು ಕಟ್ಟಿದವನು ಯುದ್ಧಘೋಷ ಕೂಗಿದಂತೆ ಇರುತ್ತದೆ. ನನಗೆ ಅದೇ ಇಷ್ಟ.

ಒಂಬತ್ತನ್ನೂ ಒಂದೇ ಪೆಟ್ಟಿಗೆಯಲ್ಲಿ ಬೇಕೆನ್ನುವವರು ಕಂಡಕ್ಟರ್ ಕರಾಯನ್ ಬರ್ಲಿನ್‌ನಲ್ಲಿ 1961-62ರಲ್ಲಿ ಮುದ್ರಿಸಿದ್ದನ್ನು ಕೊಳ್ಳಲಿ, ಮೋಸವಿಲ್ಲ.

ಆದರೆ ನನ್ನ ಅಚ್ಚುಮೆಚ್ಚಿನದು ಇವು ಯಾವುವೂ ಅಲ್ಲ. ಓಟೊ ಕ್ಲೆಂಪರರ್ 1959ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ವೃಂದದೊಂದಿಗೆ ಮಾಡಿದ ಮೂರನೆಯದು, ಎರೋಯಿಕಾ. (ಆ ವೃಂದವನ್ನು ಬೆಂಬಲಿಸುತ್ತಿದ್ದ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ನಮ್ಮ ಜಯಚಾಮರಾಜ ಒಡೆಯರು. ಮೈಸೂರಿನವರಿಗೆ ಇದನ್ನು ಹೇಳದೆ ಬಿಡಲಾರೆ.) ತೀರಾ ನಿಧಾನ ಎನ್ನುತ್ತಾರೆ. ಒಪ್ಪುತ್ತೇನೆ. ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬ ಅದನ್ನು ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ನಕಲು ಮಾಡಿಕೊಟ್ಟಿದ್ದ. ಕ್ಲೆಂಪರರ್ ನಿಧಾನದಿಂದಾಗಿ ಎರಡನೆಯ ಭಾಗವಾದ ಶವಯಾತ್ರೆಯ ಸಂಗೀತ ಮುಗಿಯುವ ಮೊದಲೇ ಒಂದು ಮಗ್ಗುಲು ಖಾಲಿಯಾಗಿ, ಟಕ್ ಎಂದು ನಿಲ್ಲುತ್ತಿತ್ತು. ತಿರುಗಿಸಿ ಹಾಕಿದರೆ ಮೂರನೆಯ ಭಾಗ. ಎಷ್ಟೋ ವರ್ಷ ನನ್ನ ಪಾಲಿಗೆ ಆ ಹೆಣ ಸ್ಮಶಾನ ಮುಟ್ಟಲೇ ಇಲ್ಲ.

ಸಿಡಿ ಕೊಂಡ ದಿನ ಕತ್ತಲಲ್ಲಿ ಕುಳಿತು ಪೂರ್ತಿ ಕೇಳಿದೆ. ಶವಯಾತ್ರೆಯ ಕೊನೆಯಲ್ಲಿ ಬೀಥೋವನ್ ಅದರ ಮುಖ್ಯ ರಾಗವನ್ನೇ ಮುರಿದು ಹಾಕಿದ್ದಾನೆ: ಎರಡು ಸ್ವರ, ಮೌನ, ಮತ್ತೊಂದು ತುಣುಕು, ಮತ್ತೆ ಮೌನ. ಟೇಪು ಸಿಕ್ಕಿಕೊಂಡಿತೆಂದು ನನ್ನ ಕೈ ತಾನಾಗಿ ಪ್ಲೇಯರ್ ಕಡೆಗೆ ಹೋಯಿತು.