ಸೂರ್ಯನನ್ನು ನಿಲ್ಲಿಸಿದ ತಂಗಿ

ನಿದ್ದೆ ಬರಲಿಲ್ಲ. ಸುಮ್ನೆ ಐರ್ಲೆಂಡ್‌ನ ನ್ಯೂಗ್ರೇಂಜ್ ಬಗ್ಗೆ ಓದುತ್ತಾ ಕೂತೆ. ಬಾಯ್ನ್ ನದಿ ಹತ್ತಿರದ, ಸುಮಾರು 5,200 ವರ್ಷ ಹಳೆಯ ಗೋರಿ ದಿಬ್ಬ. ಡಿಸೆಂಬರ್ 21ರ ಆಸುಪಾಸಿನಲ್ಲಿ ಬೆಳಗಿನ ಬಿಸಿಲು ಬಾಗಿಲ ಮೇಲಿನ ಕಿಂಡಿಯಿಂದ ನುಗ್ಗಿ ಒಳಕೋಣೆ ತಲುಪುತ್ತದೆ. ಊರವರು ಮೊದಲೇ ಹೇಳುತ್ತಿದ್ದರಂತೆ. 1967ರಲ್ಲಿ ಪುರಾತತ್ವಜ್ಞ ಮೈಕೆಲ್ ಓ'ಕೆಲಿ ಒಳಗೇ ಕಾದು ಕಣ್ಣಾರೆ ಕಂಡರು.

ನನಗೆ ಜಾಸ್ತಿ ಕಾಡಿದ್ದು ಅಲ್ಲೇ ಹತ್ತಿರದ ಡೌತ್ ದಿಬ್ಬದ ಕಥೆ. ರಾಜನೊಬ್ಬ ಆಕಾಶ ಮುಟ್ಟುವ ಗೋಪುರ ಕಟ್ಟಿಸುತ್ತಾನೆ. ಕೆಲಸ ಮುಗಿಯುವ ತನಕ ಹೊತ್ತು ಮುಳುಗದಂತೆ ಅವನ ತಂಗಿ ಮಾಟ ಮಾಡಿ ಸೂರ್ಯನನ್ನು ನಿಲ್ಲಿಸುತ್ತಾಳೆ. ಅವನೋ ಅವಳನ್ನೇ ಕೂಡುತ್ತಾನೆ. ಮಾಟ ಮುರಿದು ಕತ್ತಲಾಗುತ್ತದೆ.

ಇದು ಬರಹಕ್ಕೆ ಇಳಿದದ್ದು ಸುಮಾರು 11ನೇ ಶತಮಾನದಲ್ಲಿ. 2020ರಲ್ಲಿ ನ್ಯೂಗ್ರೇಂಜ್ ಒಳಕೋಣೆಯ ಗಂಡಸಿನ ಮೂಳೆಯ ಡಿಎನ್‌ಎ ವರದಿ ಬಂತು. ಅವನನ್ನು ಹೆತ್ತವರಿಬ್ಬರು ಒಡಹುಟ್ಟಿದವರು, ಇಲ್ಲಾ ತಂದೆ-ಮಗಳು ಅಥವಾ ತಾಯಿ-ಮಗ!

ನಾಲ್ಕು ಸಾವಿರ ವರ್ಷ ಬಾಯಿಂದ ಬಾಯಿಗೆ ಬಂದ ನೆನಪಾ? ನನಗೆ ಅನುಮಾನವೇ. ನಡುವೆ ಅಲ್ಲಿನ ಜನ, ಭಾಷೆ ಎಲ್ಲಾ ಬದಲಾಗಿದೆ ಅಲ್ವಾ? ಆದರೂ ಕಾಕತಾಳೀಯ ಅಂದುಕೊಂಡು ಮಲಗೋಣ ಅಂದರೆ, ಆಗಲೇ ಹಾಲಿನವನ ಬೆಲ್ಲು.