ಐದು ಗಂಟೆಯ ಮೂತ್ರ

ಮೂತ್ರ ಪರೀಕ್ಷೆ ಎಂದೊಡನೆ ಪುಟ್ಟ ಡಬ್ಬಿಯೊಂದನ್ನು ತುಂಬಿಸಿ ಕೊಟ್ಟು ಹೊರಡುವುದು ಎಂದೇ ಎಲ್ಲರ ಎಣಿಕೆ. ಮಕ್ಕಳ ಕರುಳಿನ ಒಳಪದರ ಎಷ್ಟು ಬಿಗಿಯಾಗಿದೆ ಎಂದು ನೋಡುವ ಪರೀಕ್ಷೆಗೆ ಅದು ಸಾಲದು. ಇಲ್ಲಿ ಐದು ಗಂಟೆಗಳ ಮೂತ್ರವೆಲ್ಲ ಬೇಕು, ಒಂದು ಹನಿಯೂ ಆಚೆ ಹೋಗಬಾರದು. ಹೇಳುವುದು ಸುಲಭ.

ಅಂದು ನನ್ನ ಪಾಲಿಗೆ ಬಂದದ್ದು ಒಂದೂವರೆ ವರ್ಷದ ಗಂಡುಮಗು, ತೂಕ 9 ಕಿಲೋ. ಮಕ್ಕಳ ಬೆಳವಣಿಗೆಯ ಕುರಿತ ಅಧ್ಯಯನವೊಂದಕ್ಕೆ ತಾಯಿ ಒಪ್ಪಿ ಸಹಿ ಹಾಕಿದ್ದರು. ಕೆಲವು ಗಂಟೆ ಬರಿಹೊಟ್ಟೆಯಲ್ಲಿದ್ದ ಮಗು ಹಸಿದು ಸಿಟ್ಟಾಗಿತ್ತು. ಎರಡು ಸಕ್ಕರೆಗಳ ದ್ರಾವಣ ಕುಡಿಸಿ ಅವು ಮೂತ್ರದಲ್ಲಿ ಎಷ್ಟು ಬರುತ್ತವೆ ಎಂದು ನೋಡುವುದೇ ಪರೀಕ್ಷೆ. ಕುಡಿಸುವ ಮೊದಲು ಮೂತ್ರದ ಒಂದು ಮಾದರಿ ತೆಗೆದುಕೊಳ್ಳಬೇಕು. ಅವುಗಳಲ್ಲೊಂದಾದ ಮ್ಯಾನಿಟಾಲ್ ಎಂಬ ಸಕ್ಕರೆಯಂಥ ವಸ್ತು ಸಕ್ಕರೆರಹಿತ ಚೂಯಿಂಗ್ ಗಮ್‌ನಲ್ಲೂ ಕೆಲವು ಮಾತ್ರೆಗಳಲ್ಲೂ ಇರುತ್ತದೆ. ಅದು ಮೊದಲೇ ಮೈಯೊಳಗೆ ಇದ್ದರೆ ನಮ್ಮ ಲೆಕ್ಕವೆಲ್ಲ ತಲೆಕೆಳಗು.

ನಂತರ ದ್ರಾವಣ. ಕಿಲೋಗೆ 2 ಮಿಲಿಲೀಟರ್‌ನಂತೆ 18 ಮಿಲಿಲೀಟರ್. ಅದರಲ್ಲಿ ಲ್ಯಾಕ್ಟುಲೋಸ್ ಎಂಬ ಇನ್ನೊಂದು ಸಕ್ಕರೆ ನಾಲ್ಕೂವರೆ ಗ್ರಾಂ, ಒಂದು ಗ್ರಾಂಗೆ ತುಸು ಕಡಿಮೆ ಮ್ಯಾನಿಟಾಲ್. ಸೂಜಿಯಿಲ್ಲದ ಸಿರಿಂಜಿನಿಂದ ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವೇ ಬಿಟ್ಟೆ. ಮೊದಲ ಗುಟುಕಿಗೆ ಅಳು, ಸಿಹಿ ನಾಲಿಗೆಗೆ ಹತ್ತಿದ ಮೇಲೆ ಸಿರಿಂಜನ್ನೇ ಕಚ್ಚಿ ಹಿಡಿದ.

ಚೀಟಿಯ ಮೇಲಿನ ಹೆಸರು ಓದಿದ ತಾಯಿ, "ಮೇಡಂ, ಇದು ಮಲಬದ್ಧತೆಗೆ ಕೊಡುವ ಸಿರಪ್ ಅಲ್ಲವೇ? ನಮ್ಮ ಅತ್ತೆ ಕುಡಿಯುತ್ತಾರೆ" ಎಂದರು. ಹೌದು, ಅದೇ. ಲ್ಯಾಕ್ಟುಲೋಸನ್ನು ಒಡೆಯುವ ಕಿಣ್ವ ಮನುಷ್ಯರ ಕರುಳಿನಲ್ಲಿ ಇಲ್ಲ. ಹೆಚ್ಚುಪಾಲು ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ, ಹೊಟ್ಟೆಯುಬ್ಬರವೂ ಆಗಬಹುದು. ಅದರ ಅಣುತೂಕ 342, ಮ್ಯಾನಿಟಾಲಿನದು 182. ಚಿಕ್ಕದಾದ ಮ್ಯಾನಿಟಾಲ್ ಒಳಪದರವನ್ನು ದಾಟಿ ಒಂದಷ್ಟು ರಕ್ತಕ್ಕೆ ಸೇರುತ್ತದೆ. ದೊಡ್ಡ ಲ್ಯಾಕ್ಟುಲೋಸಿಗೆ ಇರುವುದು ಜೀವಕೋಶಗಳ ನಡುವಿನ ಸಂದು ಮಾತ್ರ. ಸಂದು ಬಿಗಿಯಾಗಿದ್ದರೆ ಕುಡಿದದ್ದರಲ್ಲಿ ನೂರಕ್ಕೆ ಒಂದು ಪಾಲೂ ಮೂತ್ರದಲ್ಲಿ ಕಾಣುವುದಿಲ್ಲ. ಎರಡನ್ನೂ ದೇಹ ಬಳಸಿಕೊಳ್ಳದೆ ಹೊರಹಾಕುವುದರಿಂದ ಮೂತ್ರದಲ್ಲಿ ಅಳೆಯಲು ಬರುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯಲ್ಲಿ ಒಳಪದರದ ಚಾಚುಗಳು ಸವೆದು ಮೂತ್ರದಲ್ಲಿ ಮ್ಯಾನಿಟಾಲ್ ಕಡಿಮೆಯಾಗುತ್ತದೆ, ಸಂದು ಸಡಿಲವಾಗಿ ಲ್ಯಾಕ್ಟುಲೋಸ್ ಹೆಚ್ಚುತ್ತದೆ. ಹಾಗಾಗಿ ನಾವು ನೋಡುವುದು ಎರಡರ ಅನುಪಾತವನ್ನು. ಈ ಪರೀಕ್ಷೆಯಲ್ಲಿ ನನಗೆ ನಿಜಕ್ಕೂ ಮೆಚ್ಚುಗೆಯಾದದ್ದು ಇದೇ ಉಪಾಯ: ಹೊಟ್ಟೆ ನಿಧಾನವಾಗಿ ಖಾಲಿಯಾದರೂ, ಮೂತ್ರಪಿಂಡ ಮಂದವಾಗಿದ್ದರೂ, ಪೆಟ್ಟು ಎರಡು ಸಕ್ಕರೆಗಳಿಗೂ ಹೆಚ್ಚುಕಡಿಮೆ ಒಂದೇ ರೀತಿ ಬೀಳುತ್ತದೆ.

ಬುದ್ಧಿವಂತಿಕೆ ಅಲ್ಲಿಗೆ ಮುಗಿಯಿತು. ಉಳಿದದ್ದು ಮೂತ್ರ ಹಿಡಿಯುವ ಅಂಟುಚೀಲ.

ಚರ್ಮವನ್ನು ತೊಳೆದು, ಪೂರ್ತಿ ಒಣಗಿಸಿ, ಚೀಲದ ಅಂಟನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತಾ ಬರಬೇಕು. ಚರ್ಮದಲ್ಲಿ ಒಂದು ನೆರಿಗೆ ಉಳಿದರೂ ಅಲ್ಲಿಂದಲೇ ಸೋರುತ್ತದೆ. ಪೌಡರ್ ಹಚ್ಚಿಕೊಂಡು ಬಂದ ಮಕ್ಕಳಿಗೆ ಅಂಟು ನಿಲ್ಲುವುದೇ ಇಲ್ಲ. ತುಂಬಿದ ಚೀಲವನ್ನು ತಕ್ಷಣ ಖಾಲಿ ಮಾಡಿ, ಅಳೆದು, ಥೈಮಾಲ್ ಹಾಕಿದ ಬಾಟಲಿಗೆ ಸುರಿಯಬೇಕು. ಇಲ್ಲವಾದರೆ ಬ್ಯಾಕ್ಟೀರಿಯಾಗಳು ನಮ್ಮ ಸಕ್ಕರೆಯನ್ನು ನಮಗಿಂತ ಮೊದಲೇ ಮುಗಿಸುತ್ತವೆ. ಈ ಹುಡುಗನಿಗೋ ನಡೆಯಲು ಬಂದ ಹೊಸತು. ಕಾರಿಡಾರಿನ ಉದ್ದಕ್ಕೂ ಅವನು ಮುಂದೆ, ನಾವಿಬ್ಬರು ಹಿಂದೆ, ಕಣ್ಣು ಅವನ ತೊಡೆಸಂದಿಯ ಮೇಲೆ. ಮೂರನೆಯ ಗಂಟೆ ದಾಟಿದ ಮೇಲೆ ತಾಯಿಯ ಮಡಿಲೇರಿ ಕುಳಿತ. ಚೀಲದ ಒಂದು ಅಂಚು ಸದ್ದಿಲ್ಲದೆ ಎದ್ದಿತ್ತು. "ಅಯ್ಯೋ, ಒದ್ದೆಯಾಯಿತು ಮೇಡಂ!"

ಡೈಪರಿನ ತೂಕ ನೋಡಿ ಎಷ್ಟು ಹೋಯಿತೆಂದು ಅಂದಾಜಿಸಲು ಅಲ್ಲಿ ಡೈಪರೂ ಇರಲಿಲ್ಲ, ಹೋದದ್ದು ಮಡಿಲಿಗೆ. ಹೊಸ ಚೀಲ ಅಂಟಿಸಿ, ಸೋರಿಕೆಯಾದ ಸಮಯವನ್ನು ನಮೂನೆಯಲ್ಲಿ ಬರೆದೆ. ಅನುಪಾತ ಇಂಥ ನಷ್ಟವನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಆದರೆ ಕುಡಿದದ್ದರಲ್ಲಿ ಶೇಕಡಾ ಎಷ್ಟು ಹೊರಬಂತು ಎಂಬ ಲೆಕ್ಕ ಕೆಡುತ್ತದೆ, ಅದನ್ನು ವರದಿಯಲ್ಲಿ ಹೇಳಲೇಬೇಕು. ಮೂತ್ರದಲ್ಲಿನ ಸಕ್ಕರೆಗಳನ್ನು ಬೇರ್ಪಡಿಸಿ ಅಳೆಯುವ ದ್ರವ ವರ್ಣರೇಖನ (ಲಿಕ್ವಿಡ್ ಕ್ರೊಮ್ಯಾಟೋಗ್ರಫಿ) ಯಂತ್ರ ಅತಿ ಸಣ್ಣ ಪ್ರಮಾಣವನ್ನೂ ಅಳೆಯುತ್ತದೆ ನಿಜ, ಆದರೆ ಅದರ ಮುಂದೆ ಇಡದ ಮೂತ್ರವನ್ನು ಅದು ಅಳೆಯಲಾರದು. ಯಂತ್ರದ ಬಗ್ಗೆ ಉಪನ್ಯಾಸ ಮಾಡುವವರು ಒಮ್ಮೆಯಾದರೂ ಈ ಚೀಲ ಅಂಟಿಸಿ ನೋಡಬೇಕು.

ಹೊರಡುವ ಮುನ್ನ ತಾಯಿ ಮೊಬೈಲ್ ತೋರಿಸಿದರು. 'ಸೋರುವ ಕರುಳು' ಪತ್ತೆಹಚ್ಚಿ ಸಕಲ ರೋಗಕ್ಕೂ ಪುಡಿ ಮಾರುವ ಜಾಹೀರಾತು. ನನಗೆ ಇಂಥವನ್ನು ಕಂಡರೆ ಮೈಯುರಿಯುತ್ತದೆ. ಎಲ್ಲ ಪ್ರಯೋಗಾಲಯಗಳೂ ಒಪ್ಪುವ ಒಂದು ಸಾಮಾನ್ಯ ಮಿತಿ ಈ ಅನುಪಾತಕ್ಕೆ ಇಲ್ಲ. ದ್ರಾವಣದ ಪ್ರಮಾಣ, ಸಂಗ್ರಹದ ಅವಧಿ, ಅಳೆಯುವ ವಿಧಾನ ಬದಲಾದರೆ ಅಂಕಿಯೂ ಬದಲಾಗುತ್ತದೆ. ಅನುಪಾತ ಏರಿದೆ ಎಂದರೆ ಯಾವ ಕಾಯಿಲೆ ಎಂದು ಗೊತ್ತಾಗುವುದಿಲ್ಲ. ಸೀಲಿಯಾಕ್ ಅನುಮಾನವಿದ್ದರೆ ರಕ್ತದ ಪ್ರತಿಕಾಯ ಪರೀಕ್ಷೆ ಬೇಕು, ಹಲವೊಮ್ಮೆ ಬಯಾಪ್ಸಿಯೂ ಬೇಕಾಗುತ್ತದೆ.

"ಹಾಗಾದರೆ ಇದರಿಂದ ನನ್ನ ಮಗನಿಗೆ ಏನು ಉಪಯೋಗ?"

"ಇವತ್ತು ನೇರವಾಗಿ ಹೆಚ್ಚೇನೂ ಇಲ್ಲಮ್ಮ. ಬಹಳ ಮಕ್ಕಳ ಅಂಕಿ ಒಟ್ಟಿಗೆ ಇಟ್ಟು ನೋಡಿದಾಗ ಬೆಳವಣಿಗೆಗೂ ಕರುಳಿಗೂ ಇರುವ ನಂಟು ತಿಳಿಯಬಹುದು. ನಿಮ್ಮ ಮಗನ ಚಿಕಿತ್ಸೆಯನ್ನು ಡಾಕ್ಟರು ಬೇರೆ ಪರೀಕ್ಷೆಗಳಿಂದ ತೀರ್ಮಾನಿಸುತ್ತಾರೆ."

"ಸಹಿ ಹಾಕುವಾಗಲೇ ಅವರು ಹೇಳಿದ್ದರು" ಎಂದು ನಕ್ಕರು. "ಇಷ್ಟು ಹೊತ್ತು ಇವನ ಹಿಂದೆ ಓಡಿದ ಮೇಲೆ ಇನ್ನೊಮ್ಮೆ ಕೇಳಿಬಿಡೋಣ ಅನ್ನಿಸಿತು."